ಮೂರೇ ಮೂರು ಗುಂಡಿ

ಜೂನ್ ೪

ಲೆಕ್ಕದಮ್ಮಾ,

ಮಾವನ ಪತ್ರ ಬಂತು ಅಂದರೆ ಏನೋ ಬೇಕಾಗಿರಬೇಕು ಅಂತ ಲಕೋಟೆ ಒಡೆಯುವ ಮೊದಲೇ ಅಂದುಕೊಂಡಿರುತ್ತೀಯ. ಹೌದು, ಬೇಕಾಗಿದೆ. ಒಬ್ಬನನ್ನು ಕುರ್ಚಿಯಿಂದ ಇಳಿಸಬೇಕು. ಬರೀ ಇಳಿಸಿದರೆ ಸಾಲದು, ನನ್ನ ಮುಖ ನೋಡುತ್ತಾ ಇಳಿಯಬೇಕು.

ಯಾರು ಅಂತ ನಿನಗೆ ಗೊತ್ತು. ನಮ್ಮ ಹೊಲಿಗೆ ಸಂಘಕ್ಕೆ ಇಸ್ತ್ರಿ ಹಾಕಲು ಬಂದವನು. ಬಂದ ಹೊಸದರಲ್ಲಿ ಅಂಗಿಯ ಕಾಲರನ್ನು ಒಳಗಡೆಯಿಂದ ಒತ್ತಬೇಕು ಅನ್ನುವುದೂ ಗೊತ್ತಿರಲಿಲ್ಲ, ಕೈ ಹಿಡಿದು ಕಲಿಸಿದವನು ನಾನು. ಈಗ ಅಧ್ಯಕ್ಷ. ಉಳಿದವರು ಎದುರಿಗೆ ಅಧ್ಯಕ್ಷರೇ ಅಂತಾರೆ, ಹಿಂದೆ ಇಸ್ತ್ರಿ ಅಂತಾರೆ. ನನ್ನದು ಎರಡು ನಾಲಿಗೆಯಲ್ಲ, ಎರಡೂ ಕಡೆ ಇಸ್ತ್ರಿಯೇ.

ಇಪ್ಪತ್ತೆರಡು ವರ್ಷ ಅಲ್ಲಿ ನಾನು ಕಟಿಂಗ್ ಮಾಸ್ಟರ್. ಕಿಟಕಿ ಪಕ್ಕದ ಉದ್ದನೆಯ ಮೇಜು ನನ್ನದು. ಎಂಟು ಪದರ ಬಟ್ಟೆ ಒಟ್ಟಿಗೆ ಕತ್ತರಿಸಿದರೂ ಮೇಲಿನದಕ್ಕೂ ಕೆಳಗಿನದಕ್ಕೂ ಒಂದೆಳೆ ನೂಲಿನಷ್ಟು ವ್ಯತ್ಯಾಸ ಬರುತ್ತಿರಲಿಲ್ಲ. ಹೋದ ತಿಂಗಳು ಒಂದು ಶಾಲೆಯ ಎಂಬತ್ತು ಅಂಗಿಗಳ ತೋಳು ಗಿಡ್ಡವಾದವು. ಅಳತೆ ಬರೆದುಕೊಂಡು ಬಂದವನು ಅವನು. ಚೀಟಿಯಲ್ಲಿ ಇದ್ದ ಹಾಗೆ ಕತ್ತರಿಸಿದವನು ನಾನು. ಎಲ್ಲರನ್ನೂ ಸೇರಿಸಿ ಅವನು ಹೇಳಿದ್ದು ಏನು ಗೊತ್ತಾ? "ಮಾಸ್ಟರಿಗೆ ವಯಸ್ಸಾಯಿತು, ಕಣ್ಣಿಗೆ ಒಂಚೂರು ವಿಶ್ರಾಂತಿ ಕೊಡೋಣ." ಹಾಗಂದು ನನ್ನ ಕತ್ತರಿ ತೆಗೆದುಕೊಂಡು ಹೋಗಿ ತನ್ನ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ನನ್ನನ್ನು ಕಾಜಾ ಹಾಕುವ ಮಿಷನ್ನಿನ ಮುಂದೆ ಕೂರಿಸಿದ. ದಿನಪೂರ್ತಿ ಗುಂಡಿ ತೂರಿಸುವ ತೂತಿಗೆ ನೂಲು ಸುತ್ತುವುದು, ಇದು ಕಣ್ಣಿಗೆ ವಿಶ್ರಾಂತಿಯಂತೆ. ಯಾರೂ ಬಾಯಿ ಬಿಟ್ಟು ನಗಲಿಲ್ಲ. ತಲೆ ತಗ್ಗಿಸಿದ್ದರು, ಭುಜ ಕುಣಿಯುತ್ತಿತ್ತು.

ಆಗಸ್ಟಿನಲ್ಲಿ ಚುನಾವಣೆ. ನಾನು ನಿಲ್ಲುತ್ತೇನೆ. ನೀನು ಕಾಲೇಜಿನಲ್ಲಿ ಆಟದ ಸಿದ್ಧಾಂತ ಪಾಠ ಮಾಡುತ್ತೀಯಲ್ಲ, ನಾನು ಇಷ್ಟು ದಿನ ಚೆಂಡಾಟ ಅಂದುಕೊಂಡಿದ್ದೆ. ನಿಮ್ಮಮ್ಮ ಹೇಳಿದಳು, ಎದುರಿನವನು ಏನು ಮಾಡುತ್ತಾನೆ ಅಂತ ಮೊದಲೇ ಎಣಿಸಿ ನಾವು ಏನು ಮಾಡಬೇಕು ಅಂತ ತೀರ್ಮಾನಿಸುವ ವಿದ್ಯೆ ಅದು, ಮತ ಹಾಕುವುದಕ್ಕೂ ಅನ್ವಯಿಸುತ್ತದೆ ಅಂತ. ಅಷ್ಟನ್ನು ನಾನು ಹಳ್ಳಿ ಶಾಲೆಯ ಏಳನೇ ಕ್ಲಾಸಿನಲ್ಲಿ ಮೇಷ್ಟರ ಬೆತ್ತದ ಮುಂದೆ ನಿಂತು ಮಾಡುತ್ತಿದ್ದೆ. ಅದಕ್ಕೆ ಹೆಸರಿಟ್ಟವರು ಬೇರೆಯವರು, ಅಷ್ಟೇ.

ಆದರೂ ಪುಸ್ತಕದಲ್ಲಿ ಏನಿದೆ ನೋಡೋಣ, ಬರೆ.

ನಿನ್ನ ಮಾವ


ಜೂನ್ ೧೩

ಮಾವ,

ಪತ್ರ ತಲುಪಿತು. ಕತ್ತರಿ ಗೋಡೆಗೆ ಹೋದದ್ದು ಓದಿ ಬೇಸರವಾಯಿತು. ಆ ಕತ್ತರಿಯ ಸದ್ದು ನನಗೆ ಇನ್ನೂ ನೆನಪಿದೆ.

ಸಿದ್ಧಾಂತ ಇದೆ, ಆದರೆ ಅದಕ್ಕೆ ಹೊಟ್ಟೆಗೆ ಹಾಕಬೇಕಾದದ್ದು ನಿಜವಾದ ಸಂಖ್ಯೆ. ಎಷ್ಟು ಜನ ಸದಸ್ಯರು? ಮತ ಹೇಗೆ ಹಾಕುತ್ತಾರೆ? ಯಾರು ಯಾರು ನಿಲ್ಲುತ್ತಿದ್ದಾರೆ? ಯಾರ ಕಡೆ ಎಷ್ಟು? ಒಬ್ಬರು ಹೊರಗೆ ಬಿದ್ದರೆ ಅವರ ಕಡೆಯವರು ಯಾರತ್ತ ಹೋಗುತ್ತಾರೆ? ಈ ಕೊನೆಯ ಪ್ರಶ್ನೆಯೇ ಮುಖ್ಯ.

ಸಂಖ್ಯೆಯನ್ನು ದಯವಿಟ್ಟು ಹಿಗ್ಗಿಸಬೇಡಿ. ನಾಲ್ಕು ಜನ ತಲೆಯಾಡಿಸಿದರು ಎಂದರೆ ನಾಲ್ಕು ಮತ ಬಂತು ಎಂದಲ್ಲ.

ಅಮ್ಮನ ಮೊಣಕಾಲು ನೋವು ಹೇಗಿದೆ? ಅವರನ್ನು ಕೇಳಿದರೆ ಏನೂ ಇಲ್ಲ ಎನ್ನುತ್ತಾರೆ.

ನಿಮ್ಮ ಸೊಸೆ


ಜೂನ್ ೨೨

ಲೆಕ್ಕದಮ್ಮಾ,

ಸಂಖ್ಯೆ ಹಿಗ್ಗಿಸಬೇಡಿ ಅಂತ ನನಗೇ ಬರೆಯುತ್ತೀಯಲ್ಲ. ನಾನು ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಮದುಮಗನ ಕೋಟು ಕತ್ತರಿಸಿದವನು. ತಗೋ.

ಸದಸ್ಯರು ಅರವತ್ತೊಂದು. ಮತ ಅಂದರೆ ಗುಂಡಿ. ಸಂಘ ಶುರುವಾದಾಗ ಓದು ಬರಹ ಬಾರದವರೇ ಹೆಚ್ಚಿದ್ದರು, ಅದೇ ಪದ್ಧತಿ ಈಗಲೂ ನಡೆದಿದೆ. ಒಬ್ಬೊಬ್ಬರ ಕೈಗೂ ಕೋಟಿನ ಒಂದು ಕಪ್ಪು ಗುಂಡಿ ಕೊಡುತ್ತಾರೆ. ಪರದೆಯ ಹಿಂದೆ ನಿಂತವರ ಡಬ್ಬಗಳು ಇರುತ್ತವೆ, ಬೇಕಾದ್ದಕ್ಕೆ ಹಾಕಿ ಬರಬೇಕು. ಡಬ್ಬ ಅವರವರೇ ತರುವುದು. ಇಸ್ತ್ರಿಯದು ತಗಡಿನ ಬಿಸ್ಕತ್ತಿನ ಡಬ್ಬ, ಗುಂಡಿ ಬಿದ್ದರೆ ಡಬ್ ಅನ್ನುತ್ತದೆ. ನಾನು ಗಾಜಿನ ಜಾಡಿ ಇಡುತ್ತೇನೆ, ಟಣ್ ಅನ್ನಬೇಕು, ಹೊರಗೆ ಕೂತವನ ಎದೆಗೆ ತಾಗಬೇಕು. ಮೂವರು ನಿಂತರೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಕಡಿಮೆ ಗುಂಡಿ ಬಿದ್ದವರು ಹೊರಗೆ, ಉಳಿದ ಇಬ್ಬರಿಗೆ ಮತ್ತೆ ಗುಂಡಿ. ಗೆದ್ದವರಿಗೆ ಮೂರು ವರ್ಷ. ವರ್ಷ ತುಂಬಿದ ಮೇಲೆ ಅರ್ಧಕ್ಕಿಂತ ಹೆಚ್ಚು ಜನ ಸಹಿ ಹಾಕಿದರೆ ಮಧ್ಯದಲ್ಲೂ ಇಳಿಸಬಹುದು, ಆದರೆ ಈ ಸಂಘದಲ್ಲಿ ಅಷ್ಟು ಜನ ಒಂದೇ ಕಾಗದಕ್ಕೆ ಸಹಿ ಹಾಕಿದ್ದನ್ನು ನಾನು ಕಂಡಿಲ್ಲ.

ಮೂವರು ಯಾರು ಅಂತೀಯಾ? ನಾನು, ಇಸ್ತ್ರಿ, ಮೂರನೆಯವಳು ನಮ್ಮಲ್ಲೇ ಗುಂಡಿ ಹೊಲಿಯುವ ನನ್ನಕ್ಕ, ನಿಮ್ಮಮ್ಮ.

ನಕ್ಕುಬಿಡು, ಪರವಾಗಿಲ್ಲ. ನಾನೇ ನಿಲ್ಲಿಸಿದ್ದು. ಹೆಂಗಸರು ನನ್ನ ಕಡೆ ಇಲ್ಲ, ನನ್ನ ತಮಾಷೆ ಅವರಿಗೆ ಹಿಡಿಸುವುದಿಲ್ಲ. ನೇರ ಸ್ಪರ್ಧೆಯಾದರೆ ಎಲ್ಲರೂ ಇಸ್ತ್ರಿಗೆ ಹಾಕುತ್ತಾರೆ. ಅಕ್ಕ ನಿಂತರೆ ಅವರೆಲ್ಲ ಅವಳಿಗೆ ಹಾಕುತ್ತಾರೆ, ಇಸ್ತ್ರಿ ಬಡವಾಗುತ್ತಾನೆ. ಹೋಗಿ ಕೇಳಿದೆ. ಗುಂಡಿ ಹೊಲಿಯುತ್ತಾ ಕೂತಿದ್ದಳು, ಹೂಂ ಅಂದಳು. ಅವಳು ಹುಟ್ಟಿದ ಮೇಲೆ ಯಾವುದಕ್ಕೆ ಉಹೂಂ ಅಂದಿದ್ದಾಳೆ? ಅಧ್ಯಕ್ಷೆ ಅಂದರೆ ಏನು ಮಾಡಬೇಕು ಅಂತಲೂ ಕೇಳಲಿಲ್ಲ. ಡಬ್ಬ ತಾ ಅಂದರೆ ಗುಂಡಿ ಇಡುವ ತನ್ನ ಹಳೇ ಬಟ್ಟೆ ಚೀಲ ತೋರಿಸಿದಳು. ಅದಕ್ಕೆ ಬಿದ್ದ ಮತಕ್ಕೆ ಸದ್ದೂ ಇಲ್ಲ, ಅವಳ ಹಾಗೆಯೇ.

ನನ್ನ ಕಡೆ ಇಪ್ಪತ್ತೆಂಟು. ಇಸ್ತ್ರಿ ಹದಿನೇಳು. ಅಕ್ಕ ಹದಿನಾರು. ತೊಡಕು ಎಲ್ಲಿದೆ ಅಂದರೆ, ಅಕ್ಕ ಹೊರಬಿದ್ದರೆ ಅವಳ ಹದಿನಾರೂ ಇಸ್ತ್ರಿಗೆ ಹೋಗಿ ಅವನು ಗೆಲ್ಲುತ್ತಾನೆ. ಇಲ್ಲಿಗೆ ಬಂದು ನನ್ನ ಕತ್ತರಿ ನಿಂತಿದೆ. ಮುಂದೆ ನೀನು ಕತ್ತರಿಸು.

ಒಂದು ಮಾತು. ಅಜ್ಜ ಮನೆಯವರನ್ನೆಲ್ಲ ಕೂರಿಸಿ ಪಟ್ಟಣಕ್ಕೆ ಓದಲು ಯಾರು ಹೋಗಬೇಕು ಅಂತ ಕೈ ಎತ್ತಿಸಿದ್ದು ನಿನಗೆ ನೆನಪಿರಬೇಕು. ಒಬ್ಬರಿಗೇ ಜಾಗ ಇತ್ತು, ನನ್ನ ಮಗ ಹೋದ. ನೀನು ಮನೆಯಲ್ಲಿ ಮೂರು ವರ್ಷ ಕಾಜಾ ಹಾಕಿದೆ. ನಾನು ಈಗ ಯೋಚಿಸಿದರೆ ಅದು ಒಳ್ಳೆಯದೇ ಆಯಿತು. ಮೂರು ವರ್ಷ ತಾನೇ, ಬೆರಳಿಗೆ ತಾಳ್ಮೆ ಬಂತು. ತಾಳ್ಮೆಯಿಂದ ಲೆಕ್ಕ ಬಂತು. ಹಾಗೆ ನೋಡಿದರೆ ನಿನ್ನನ್ನು ಮೇಡಂ ಮಾಡಿದವನು ನಾನೇ.

ಬೇಗ ಬರೆ.

ಮಾವ


ಜುಲೈ ೧೦

ಲೆಕ್ಕದಮ್ಮಾ,

ಹದಿನೆಂಟು ದಿನ ಆಯಿತು. ಅಂಚೆಯವನನ್ನು ಕಂಡರೆ ನಾನು ಎದ್ದು ನಿಲ್ಲುತ್ತೇನೆ, ಅವನು ನನ್ನನ್ನು ಕಂಡರೆ ದಾರಿ ಬದಲಿಸುತ್ತಾನೆ. ಪರೀಕ್ಷೆ ಗಿರೀಕ್ಷೆ ಇದ್ದರೆ ಒಂದು ಸಾಲು ಗೀಚು. ನಿಮ್ಮಮ್ಮನಿಗೆ ಮಾತ್ರ ನಿನ್ನ ಪತ್ರ ಬಂದಿದೆ, ದಪ್ಪ ಲಕೋಟೆ, ಮಿಷನ್ನಿನ ಖಾನೆಯಲ್ಲಿ ಇಟ್ಟುಕೊಂಡಿದ್ದಾಳೆ. ಏನಂತೆ ಅಂದರೆ ಮೊಣಕಾಲಿಗೆ ಔಷಧಿ ಬರೆದಿದ್ದಾಳೆ ಅಂದಳು. ಮೊಣಕಾಲಿಗೆ ಅಷ್ಟು ದಪ್ಪ ಪತ್ರವೇ?

ಇವತ್ತು ಇಸ್ತ್ರಿ ನನ್ನ ಮುಂದೆ ನಿಂತು ಒಂದು ಕಾಜಾ ಬೆಳಕಿಗೆ ಹಿಡಿದು ನೋಡಿ, ಪರವಾಗಿಲ್ಲ ಮಾಸ್ಟರ್, ಕಲಿತಿದ್ದೀರಿ ಅಂದ. ಅವನು ಹಾಗೆ ಅನ್ನುವಾಗ ಅವನ ಹಿಂದೆ ಬಾಗಿಲು ತೆರೆದಿತ್ತು, ಗೋಡೆಯ ಮೇಲೆ ನನ್ನ ಕತ್ತರಿ ಕಾಣುತ್ತಿತ್ತು.

ಮಾವ


ಜುಲೈ ೨೪

ಮಾವ,

ತಡವಾಯಿತು, ಕ್ಷಮಿಸಿ. ಯೋಚಿಸಬೇಕಿತ್ತು.

ನಿಮ್ಮ ತೊಡಕಿಗೆ ಉತ್ತರವಿದೆ. ಎರಡನೇ ಸುತ್ತಿನಲ್ಲಿ ನಿಮಗೆ ಇಸ್ತ್ರಿಯವರು ಎದುರಾಗಬಾರದು, ಅಮ್ಮ ಎದುರಾಗಬೇಕು. ಇಸ್ತ್ರಿಯವರ ಕಡೆಯವರು ಮಾತೇ ಆಡದ ಹೆಂಗಸಿಗಿಂತ ನಿಮಗೇ ಹಾಕುತ್ತಾರೆ ಎಂದು ನಿಮಗೆ ನಂಬಿಕೆ ಇದ್ದರೆ, ಮೊದಲ ಸುತ್ತಿನಲ್ಲಿ ಹೊರಬೀಳಬೇಕಾದವರು ಅವರು. ಅದಕ್ಕೆ ದಾರಿ ಎಂದರೆ ನಿಮ್ಮ ಕಡೆಯ ಕೆಲವರು ಮೊದಲ ಸುತ್ತಿನಲ್ಲಿ ಮಾತ್ರ ಅಮ್ಮನಿಗೆ ಗುಂಡಿ ಹಾಕುವುದು. ತಮಗೆ ಇಷ್ಟವಾದವರಿಗೆ ಹಾಕದೆ, ಸೋಲಿಸಲು ಸುಲಭವಾದವರನ್ನು ಉಳಿಸಿಕೊಳ್ಳುವುದು. ಇದು ನಮ್ಮಲ್ಲಿ ಮೊದಲ ತಿಂಗಳ ಪಾಠ.

ಎಷ್ಟು ಜನ? ಮೂವರು. ಆಗ ನಿಮಗೆ ಇಪ್ಪತ್ತೈದು, ಅಮ್ಮನಿಗೆ ಹತ್ತೊಂಬತ್ತು, ಅವರಿಗೆ ಹದಿನೇಳು. ಅವರು ಹೊರಗೆ. ಮೂರೇ ಮೂರು ಗುಂಡಿ ಮಾವ, ನಾಲ್ಕನೆಯದು ಬೇಡ.

ಇಸ್ತ್ರಿಯವರು ಎರಡೇ ಗುಂಡಿಯಿಂದ ಸೋಲುತ್ತಾರೆ. ಅಷ್ಟರಿಂದ ಅವರಿಗೆ ದೊಡ್ಡ ಅವಮಾನವೇನೂ ಆಗುವುದಿಲ್ಲ, ಮಾರನೇ ದಿನ ಎಂದಿನಂತೆ ಕೆಲಸಕ್ಕೆ ಬರುತ್ತಾರೆ. ಆದರೆ ನಿಮಗೆ ಬೇಕಾಗಿರುವುದು ಮೇಜು ತಾನೇ. ಅದು ಸಿಗುತ್ತದೆ.

ನಿಮ್ಮ ಸೊಸೆ


ಆಗಸ್ಟ್ ೨

ನನ್ನ ಬಂಗಾರದ ಲೆಕ್ಕದಮ್ಮಾ,

ಓದಿದ ಕೂಡಲೇ ಮಿಷನ್ನು ನಿಲ್ಲಿಸಿ ಒಂದು ಸುತ್ತು ಹೊರಗೆ ಹೋಗಿ ಬಂದೆ, ನಗು ತಡೆಯಲಾಗಲಿಲ್ಲ. ನಮ್ಮವರೇ ಅಕ್ಕನಿಗೆ ಹಾಕುವುದು! ಇಸ್ತ್ರಿಯ ತಲೆಗೆ ಇದು ಏಳು ಜನ್ಮಕ್ಕೂ ಹೊಳೆಯುವುದಿಲ್ಲ. ನನಗೂ ಅರ್ಧ ಹೊಳೆದಿತ್ತು, ನೀನು ಉಳಿದರ್ಧ ಹೇಳಿದೆ.

ಮೂರು ಅಂತ ಬರೆದಿದ್ದೀಯ, ಆಯಿತು. ಪುಸ್ತಕದವರು ಕೈ ಬಿಗಿ ಹಿಡಿದೇ ಬರೆಯುತ್ತಾರೆ. ಬಟ್ಟೆ ಕತ್ತರಿಸುವಾಗ ನಾವು ಹೊಲಿಗೆಗೆ ಅಂತ ಒಂದು ಬೆರಳು ಬಿಟ್ಟೇ ಕತ್ತರಿಸುವುದು. ಎರಡು ಗುಂಡಿಯಿಂದ ಸೋತವನು ಮಾರನೇ ದಿನ ಮೀಸೆ ತಿರುವಿಕೊಂಡು ಬರುತ್ತಾನೆ ಅಂತ ನೀನೇ ಬರೆದಿದ್ದೀಯಲ್ಲ, ಆ ಸಾಲು ನನಗೆ ಮೂರು ದಿನದಿಂದ ಊಟ ಸೇರಗೊಡುತ್ತಿಲ್ಲ. ಇರಲಿ. ನನಗೂ ಒಂಚೂರು ಬುದ್ಧಿ ಇದೆ.

ನಿಮ್ಮಮ್ಮನಿಗೆ ಏನೂ ಹೇಳಿಲ್ಲ. ಹೇಳಿದರೂ ಹೂಂ ಅನ್ನುತ್ತಾಳೆ.

ಹದಿನೇಳನೇ ತಾರೀಖು ಚುನಾವಣೆ. ಮುಗಿದ ಮೇಲೆ ನನ್ನ ಮೇಜಿನ ಮೇಲೆ ಕೂತು ಬರೆಯುತ್ತೇನೆ.

ಮಾವ


ಆಗಸ್ಟ್ ೧೯

ಲೆಕ್ಕದಮ್ಮಾ,

ಮೇಜಿನ ಮೇಲೆ ಕೂತಿಲ್ಲ. ಮನೆಯ ಜಗಲಿಯಲ್ಲಿ ಕೂತಿದ್ದೇನೆ. ಆದರೂ ಸೋತೆ ಅಂದುಕೊಳ್ಳಬೇಡ, ಪೂರ್ತಿ ಓದು.

ಮೂವರ ಬದಲು ಎಂಟು ಜನರಿಗೆ ಹೇಳಿದೆ. ಹೌದು, ಎಂಟು. ಇಪ್ಪತ್ತೆಂಟರಲ್ಲಿ ಎಂಟು ಹೋದರೆ ನನಗೆ ಇಪ್ಪತ್ತು, ಅಕ್ಕನಿಗೆ ಇಪ್ಪತ್ತನಾಲ್ಕು, ಅವನಿಗೆ ಹದಿನೇಳು. ಗುಂಡಿ ಹೊಲಿಯುವ ಹೆಂಗಸಿಗಿಂತ ಏಳು ಗುಂಡಿ ಹಿಂದೆ ಬೀಳಬೇಕು ಅವನು. ಇನ್ನೊಮ್ಮೆ ನನ್ನ ಕಾಜಾ ಎತ್ತಿ ಬೆಳಕಿಗೆ ಹಿಡಿಯಬಾರದು. ಅದು ನನ್ನ ಆಸೆ.

ಪರದೆಯ ಈಚೆ ಕೂತು ಕಿವಿಯಲ್ಲೇ ಎಣಿಸಿದೆ. ಡಬ್. ಡಬ್. ಟಣ್. ಆಮೇಲೆ ಸದ್ದಿಲ್ಲ. ಒಬ್ಬ ಒಳಗೆ ಹೋಗಿ ಬಂದ, ಸದ್ದಿಲ್ಲ. ಇನ್ನೊಬ್ಬಳು, ಸದ್ದಿಲ್ಲ. ನಮ್ಮವರು ಹೇಳಿದ ಹಾಗೆ ಮಾಡುತ್ತಿದ್ದಾರೆ ಅಂತ ಮೊದಮೊದಲು ತೊಡೆ ತಟ್ಟಿಕೊಂಡೆ. ನಲವತ್ತು ಜನ ಮುಗಿಯುವ ಹೊತ್ತಿಗೆ ತೊಡೆ ತಟ್ಟುವುದು ನಿಂತಿತ್ತು. ಕೊನೆಯವರೆಗೆ ಲೆಕ್ಕ ಹಾಕಿದರೆ ಟಣ್ ಅಂದದ್ದು ಹದಿನಾರು ಸಲ. ಇಪ್ಪತ್ತು ಬರಬೇಕಿತ್ತು. ನಾಲ್ವರು ನನ್ನ ಮುಂದೆ ತಲೆಯಾಡಿಸಿ ಬೇರೆ ಕಡೆ ಹಾಕಿದ್ದಾರೆ, ಯಾರು ಯಾರು ಅಂತ ನನಗೆ ಗೊತ್ತು, ಅವರ ಪ್ಯಾಂಟು ಕತ್ತರಿಸುವ ದಿನ ಬರಲಿ.

ಮೇಜಿನ ಮೇಲೆ ಸುರಿದು ಎಣಿಸಿದರು. ಅಕ್ಕ ಇಪ್ಪತ್ತಾರು. ಇಸ್ತ್ರಿ ಹತ್ತೊಂಬತ್ತು. ನಾನು ಹದಿನಾರು. ಹೊರಬಿದ್ದವನು ನಾನು.

ಯಾರೂ ಬಾಯಿ ಬಿಟ್ಟು ನಗಲಿಲ್ಲ. ಭುಜಗಳನ್ನು ನಾನು ನೋಡಲಿಲ್ಲ.

ಎರಡನೇ ಸುತ್ತಿಗೆ ಅರ್ಧ ಗಂಟೆ ಬಿಡುವು. ನಲ್ಲಿ ಹತ್ತಿರ ಮುಖ ತೊಳೆಯುತ್ತಿದ್ದೆ, ಇಸ್ತ್ರಿ ಬಂದ. ಅವನ ಮುಖ ಒದ್ದೆ ಬಟ್ಟೆಯ ಹಾಗೆ ಆಗಿತ್ತು. ನಿಮ್ಮ ಹದಿನಾರು ನನಗೆ ಬಂದರೆ ನಾನು ಉಳಿದೆ ಅಂದ. ನಾನು ಇನ್ನೊಂದು ಬೊಗಸೆ ನೀರು ಮುಖಕ್ಕೆ ಎರಚಿಕೊಂಡೆ. ಆಗ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮಾಸ್ಟರ್, ನಾಳೆ ಬೆಳಗ್ಗೆ ಕತ್ತರಿ ನಿಮ್ಮ ಮೇಜಿನ ಮೇಲೆ ಇರುತ್ತೆ. ಅಳತೆ ತಪ್ಪು ಬರೆದದ್ದು ನಾನೇ ಅಂತ ಎಲ್ಲರ ಮುಂದೆ ಹೇಳ್ತೀನಿ."

ಯೋಚಿಸು, ಅಷ್ಟೂ ಸಿಗುತ್ತಿತ್ತು. ಮೇಜು, ಕತ್ತರಿ, ಮಾನ. ಒಂದು ಹೂಂ ಅಂದಿದ್ದರೆ ಸಾಕಿತ್ತು. ನಾನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ನಿನ್ನ ಕಣ್ಣಿಗೆ ಒಂಚೂರು ವಿಶ್ರಾಂತಿ ಬೇಕು ಕಣಯ್ಯಾ ಅಂದೆ. ನನ್ನ ಹದಿನಾರೂ ಅಕ್ಕನ ಚೀಲಕ್ಕೆ. ಎಲ್ಲರ ಎದುರಿಗೆ ಕೂಗಿ ಹೇಳಿದೆ, ಒಡಹುಟ್ಟಿದವಳಿಗಿಂತ ಯಾರು ಹೆಚ್ಚು ಅಂತ. ನಲವತ್ತೆರಡು ಹತ್ತೊಂಬತ್ತು. ಅವನು ಕುರ್ಚಿಯಿಂದ ಇಳಿಯುವಾಗ ನನ್ನ ಮುಖ ನೋಡಿದ. ನೋಡುವ ಹಾಗೆ ನಾನು ಎದುರಿಗೇ ನಿಂತಿದ್ದೆ.

ಹಾಗಾಗಿ ನಿಮ್ಮಮ್ಮನನ್ನು ಅಧ್ಯಕ್ಷೆ ಮಾಡಿದವನು ನಿನ್ನ ಮಾವ. ಸೋಮವಾರ ಕತ್ತರಿ ನನ್ನ ಕೈಗೆ ಬರುತ್ತದೆ. ಅಕ್ಕ ಉಹೂಂ ಅನ್ನುವವಳಲ್ಲ.

ಮಾವ


ಆಗಸ್ಟ್ ೩೦

ಸೊಸೆಗೆ,

ಸೋಮವಾರ ಒಗೆದ ಅಂಗಿ ಹಾಕಿಕೊಂಡು ಹೋದೆ. ಕಿಟಕಿ ಪಕ್ಕದ ಮೇಜನ್ನು ನಾನೇ ಒರೆಸಿದೆ, ಸೀಮೆಸುಣ್ಣ ಚೂಪು ಮಾಡಿ ಇಟ್ಟೆ. ನಿಮ್ಮಮ್ಮ ಬಂದಳು, ಗೋಡೆಯಿಂದ ಕತ್ತರಿ ತೆಗೆದಳು. ನಾನು ಕೈ ಚಾಚಿದೆ. ಅವಳು ನನ್ನ ಕೈಯನ್ನು ನೋಡಿದಳು, ದಾಟಿಕೊಂಡು ಹೋಗಿ ಮೇಜಿನ ಮುಂದೆ ನಿಂತು ಬಟ್ಟೆ ಹಾಸಿದಳು. ಎಂಟು ಪದರ. ಕರ್ರ್ ಅಂತ ಒಂದೇ ಎಳೆತ. ಕೆಳಗಿನ ಪದರ ಎತ್ತಿ ನೋಡಿದೆ, ಒಂದೆಳೆ ನೂಲು ಹೆಚ್ಚುಕಡಿಮೆ ಇರಲಿಲ್ಲ. ಅಪ್ಪ ಕತ್ತರಿ ಹಿಡಿಯುವುದನ್ನು ಕಲಿಸಿದ್ದು ಮೊದಲು ಅವಳಿಗೆ ಅನ್ನುವುದು ನನಗೆ ಮರೆತೇ ಹೋಗಿತ್ತು.

ಅಕ್ಕಾ, ನನ್ನ ಕೆಲಸ ಅಂದೆ. ಅವಳು ಕಾಜಾ ಮಿಷನ್ನಿನ ಕಡೆ ಗದ್ದ ಎತ್ತಿ ತೋರಿಸಿದಳು. ಎಷ್ಟು ದಿನ ಅಂದೆ. ಆಗ ಬಾಯಿ ಬಿಟ್ಟಳು.

"ಮೂರು ವರ್ಷ ತಾನೇ. ಬೆರಳಿಗೆ ತಾಳ್ಮೆ ಬರುತ್ತೆ."

ಸಂಘದ ಅರವತ್ತೊಂದು ಜನರಲ್ಲಿ ಬೇರೆ ಯಾರಿಗೂ ಅದು ಅರ್ಥವಾಗಲಿಲ್ಲ. ಆ ಮಾತು ನಾನು ಜೂನಿನಲ್ಲಿ ನಿನಗೆ ಬರೆದದ್ದು. ನಿನಗೆ ಮಾತ್ರ.

ಇದು ಹೇಗೆ ಅಂತ ತಿಳಿಸು.

ನಿನ್ನ ಮಾವ


ಸೆಪ್ಟೆಂಬರ್ ೯

ಮಾವ,

ಆ ದಪ್ಪ ಲಕೋಟೆಯಲ್ಲಿದ್ದದ್ದು ನಿಮ್ಮ ಜೂನ್ ಇಪ್ಪತ್ತೆರಡರ ಪತ್ರ. ಹಾಗೆಯೇ ಅಮ್ಮನಿಗೆ ಕಳಿಸಿದ್ದೆ. ಅವರು ಓದಿ, ಹಿಂದುಗಡೆ ಒಂದು ಸಾಲು ಬರೆದು ಕಳಿಸಿದರು: ಸರಿಯಾದ ಲೆಕ್ಕವನ್ನೇ ಹೇಳು, ಅವನು ಅಷ್ಟಕ್ಕೆ ನಿಲ್ಲುವವನಲ್ಲ.

ನಾನು ನಿಮಗೆ ಸುಳ್ಳು ಹೇಳಲಿಲ್ಲ. ನಿಮ್ಮ ಇಪ್ಪತ್ತೆಂಟರಲ್ಲಿ ನಾಲ್ಕೈದು ಬರೀ ನಿಮ್ಮ ಬಾಯಿಮಾತಿನವು ಎಂದು ತಿಳಿದೇ ಮೂರು ಎಂದೆ. ಕೂಡಿಸಿ ನೋಡಿ. ನಿಜವಾಗಿ ನಿಮ್ಮ ಕಡೆ ಇದ್ದವರು ಇಪ್ಪತ್ತನಾಲ್ಕು, ಇಸ್ತ್ರಿಯವರ ಕಡೆ ಹತ್ತೊಂಬತ್ತು, ಅಮ್ಮನ ಕಡೆ ಹದಿನೆಂಟು. ಮೂವರನ್ನೇ ಕಳಿಸಿದ್ದರೆ ನಿಮಗೆ ಇಪ್ಪತ್ತೊಂದು, ಅಮ್ಮನಿಗೆ ಇಪ್ಪತ್ತೊಂದು. ಇಸ್ತ್ರಿಯವರು ಹೊರಗಿರುತ್ತಿದ್ದರು, ಮೇಜು ಬಹುಶಃ ನಿಮ್ಮದಾಗುತ್ತಿತ್ತು. ನಾನು ಹೆಚ್ಚಿಗೆ ಬರೆದದ್ದು ಒಂದೇ ಮಾತು, ಎರಡು ಗುಂಡಿಯ ಸೋಲಿನಲ್ಲಿ ದೊಡ್ಡ ಅವಮಾನವಿಲ್ಲ ಎಂದು. ಅದನ್ನು ಬರೆಯಲು ಹತ್ತು ದಿನ ತೆಗೆದುಕೊಂಡೆ.

ಅಜ್ಜ ಕೈ ಎತ್ತಿಸಿದ ದಿನ ಬೆಳಗ್ಗೆ ಬಾವಿಯ ಹತ್ತಿರ ನೀವು ನನ್ನ ತಲೆ ಸವರಿ, ನನ್ನ ಕೈ ನಿನಗೇ ಪುಟ್ಟಿ ಎಂದಿದ್ದಿರಿ. ಮನೆಯಲ್ಲಿ ಐವರ ಮತ. ನನಗೆ ಎರಡು ಬಂತು. ನಿಮ್ಮ ಕೈ ಮೇಲೇರಿದ್ದು ನನ್ನ ಹೆಸರಿಗಲ್ಲ. ನಿಮ್ಮ ಮಗ ಎಂಟು ತಿಂಗಳಲ್ಲಿ ಓದು ಬಿಟ್ಟು ಬಂದ. ನಾನು ಮೂರು ವರ್ಷ ಸೂಜಿಯಲ್ಲಿ ಕಾಜಾ ಹಾಕಿದೆ, ನಿಮಗಾದರೂ ಮಿಷನ್ನು ಇದೆ. ಎದುರಿನವರು ಏನು ಮಾಡುತ್ತಾರೆ ಎಂದು ಎಣಿಸುವುದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಅಲ್ಲಿ ಕೂತು ಕಲಿತೆ. ಆ ಮಟ್ಟಿಗೆ ನೀವು ಬರೆದದ್ದು ನಿಜ, ನನ್ನನ್ನು ಮೇಡಂ ಮಾಡಿದವರು ನೀವೇ.

ಕಣ್ಣು ನೋಯುವಾಗ ತಣ್ಣೀರಿನ ಬಟ್ಟೆ ಇಟ್ಟುಕೊಳ್ಳಿ.

ನಿಮ್ಮ ಸೊಸೆ


ಸೆಪ್ಟೆಂಬರ್ ೨೮

ಸೊಸೆಗೆ,

ಆವತ್ತು ಎತ್ತಿದ ಕೈ ನನ್ನದೇ. ಅದರ ಸುತ್ತ ಇನ್ನು ಕಥೆ ಹೊಲಿಯುವುದಿಲ್ಲ.

ದಿನಕ್ಕೆ ಇನ್ನೂರ ಹತ್ತು ಕಾಜಾ ಆಗುತ್ತಿದೆ. ತಣ್ಣೀರಿನ ಬಟ್ಟೆಯಿಂದ ಏನೂ ಆಗುವುದಿಲ್ಲ, ಅದು ನಿನಗೆ ಆಗಲೇ ಗೊತ್ತಿದ್ದಿರಬೇಕು.

ನಿಮ್ಮಮ್ಮ ಇಸ್ತ್ರಿಯನ್ನು ಇಸ್ತ್ರಿಗೇ ಹಾಕಿದ್ದಾಳೆ. ಅವನ ಮೇಜು ನನ್ನ ಮಿಷನ್ನಿನ ಪಕ್ಕ ಬಂದಿದೆ. ಮೊದಲ ವಾರ ಅವನು ಆ ಗೋಡೆ ನೋಡಿದ, ನಾನು ಈ ಗೋಡೆ ನೋಡಿದೆ. ಎರಡನೇ ವಾರ ನನ್ನ ಸೂಜಿಗೆ ನೂಲು ಏರದೆ ಒದ್ದಾಡುತ್ತಿದ್ದಾಗ ಅವನು ಎದ್ದು ಬಂದು ಪೋಣಿಸಿ ಕೊಟ್ಟ. ಅವನ ಕಾಲರಿನ ಇಸ್ತ್ರಿ ಈಗಲೂ ಹೊರಗಡೆಯಿಂದಲೇ, ಮತ್ತೆ ಹೇಳಿಕೊಟ್ಟೆ. ಅವನ ಮೇಲಿನ ಹೊಟ್ಟೆಯುರಿ ಹೋಗಿಲ್ಲ. ಆದರೆ ಅದಕ್ಕಿಂತ ದೊಡ್ಡದು ಒಂದು ಬಂದು ಕೂತಿದೆಯಲ್ಲ, ಅದಕ್ಕೆ ಜಾಗ ಬೇಕು.

ನನ್ನ ಕಡೆ ಹದಿನಾರು. ಇದರಲ್ಲಿ ಬಾಯಿಯದು ಒಂದೂ ಇಲ್ಲ, ಟಣ್ ಅಂದದ್ದನ್ನು ಕಿವಿಯಾರೆ ಕೇಳಿದ್ದು. ಅವನ ಕಡೆ ಹತ್ತೊಂಬತ್ತು, ಎರಡು ಸುತ್ತಿನಲ್ಲೂ ಅಲುಗಾಡದೆ ನಿಂತವರು. ಕೂಡಿಸಿದರೆ ಮೂವತ್ತೈದು. ಅರವತ್ತೊಂದರ ಅರ್ಧ ಎಷ್ಟು ಅಂತ ನಿನಗೆ ಪಾಠ ಹೇಳುವುದಿಲ್ಲ. ವರ್ಷ ತುಂಬಿದ ಮೇಲೆ ಸಹಿ ಹಾಕಿಸಬಹುದು. ಕಾಗದಕ್ಕೆ ಇಸ್ತ್ರಿ ಹಾಕಿ ಇಟ್ಟಿದ್ದಾನೆ. ಮೂವತ್ತಾರನೆಯ ಸಹಿ ಬೇಡ ಅಂತ ಈ ಸಲ ನಾನೇ ಹೇಳಿದ್ದೇನೆ.

ಅಲ್ಲಿಯವರೆಗೆ ಒಂದು ವರ್ಷ ಕಾಜಾ ಹಾಕುತ್ತೇನೆ. ಅದು ನಿನ್ನ ಮೂರರಲ್ಲಿ ಒಂದು ಅಂತ ಇಟ್ಟುಕೋ. ಉಳಿದೆರಡನ್ನು ಕೊಡುವುದಿಲ್ಲ.

ಈ ಪತ್ರವನ್ನೂ ನೀನು ನಿಮ್ಮಮ್ಮನಿಗೆ ಕಳಿಸುತ್ತೀಯ. ಕಳಿಸಲಿ ಅಂತಲೇ ಬರೆದಿದ್ದೇನೆ.

ಅಕ್ಕಾ, ಓದಿದೆಯಾ? ಕತ್ತರಿಗೆ ಎಣ್ಣೆ ಬಿಡುತ್ತಿರು, ತುಕ್ಕು ಹಿಡಿಸಬೇಡ. ಬರುವ ಆಗಸ್ಟಿನಲ್ಲಿ ನಿನ್ನ ಮುಂದೆ ಕೈ ಚಾಚುತ್ತೇನೆ. ಆಗಲೂ ನೀನು ಹೂಂ ಅಂದರೆ ಸಾಕು.

ನಿನ್ನ ತಮ್ಮ